ಖೂ ಆಂಟಿಯ ಮನೆಯಲ್ಲೊಂದು ಹೆಣ

ಸುಮಾತ್ರಾದ ಮೇಡಾನಿನಿಂದ ಪೆನಾಂಗಿಗೆ ಬಂದ ತಿಯುರ್ಮಾ ಮೊದಲು ಸಮಾಜಸೇವಾ ಸಂಸ್ಥೆಯೊಂದರಲ್ಲಿ ಜಗಳಗಂಟ ಸಂಸಾರಗಳನ್ನು ಸರಿಪಡಿಸುವ ಕೆಲಸ ಮಾಡುತ್ತಿದ್ದಳು. ಹೋದ ಮನೆಯಲ್ಲೆಲ್ಲ ಯಾರಾದರೊಬ್ಬರು, "ಇವನನ್ನ ಕೊಂದೇ ಬಿಡ್ತೀನಿ" ಅನ್ನುತ್ತಿದ್ದರು. ಅವರಿಗೆ ಕಾಫಿ ಕುಡಿಸಿ, ಸಮಾಧಾನ ಹೇಳಿ ಎದ್ದು ಬರಬೇಕು. ವರ್ಷಗಟ್ಟಲೆ ಹೀಗೆ ತಡೆದೂ ತಡೆದೂ ಅವಳಿಗೇ ತಲೆ ಕೆಟ್ಟಿತು. ಕೆಲಸ ಬಿಟ್ಟು ಕೊಲೆಯ ಕಾದಂಬರಿ ಬರೆಯಲು ಕೂತಳು. ಅಲ್ಲಿ ಯಾರನ್ನೂ ತಡೆಯಬೇಕಾಗಿರಲಿಲ್ಲ.

ಪುಸ್ತಕ ಚೆನ್ನಾಗಿಯೇ ಓಡಿತು. ಎಡವಟ್ಟಾದದ್ದು ಒಂದೇ: ಹೆಣ ಬೀಳುವ ಜಾಗಕ್ಕೆ ಚೀನೀ ಮನೆಯೊಡತಿ ಖೂ ಆಂಟಿಯ ಮಹಡಿ ಮನೆಯನ್ನೇ, ಅದರ ಹಸಿರು ಬಾಗಿಲು, ಒಡೆದ ಮೆಟ್ಟಿಲ ಸಮೇತ, ಎತ್ತಿ ಬರೆದಿದ್ದಳು. ಕೆಳಗಿನ ಕೋಣೆಯಲ್ಲಿ ತಿಯುರ್ಮಾ ಬಾಡಿಗೆಗಿದ್ದಳು. ಮೇಲಿನದು ಬಾಡಿಗೆಗೆ ಖಾಲಿಯಿತ್ತು. ನೋಡಲು ಬಂದವರೆಲ್ಲ ಆ ಬಾಗಿಲು ಕಂಡದ್ದೇ ತಡ, "ಸತ್ತ ಮನೆ ಬೇಡಮ್ಮ" ಎಂದು ಕಾಲ್ಕಿತ್ತರು.

"ಆಂಟೀ, ಅದು ಬರೀ ಕಥೆ. ಯಾರೂ ಸತ್ತಿಲ್ಲ."

"ಹೆಣ ಸುಳ್ಳು, ಮನೆ ನಿಜ ಅಲ್ವೇನೇ? ಸಾಯಿಸೋಕೆ ನಿನಗೆ ನನ್ನ ಮನೇನೇ ಬೇಕಿತ್ತಾ? ಮೊದಲು ಆ ಸತ್ತವನ ಆತ್ಮಾನ ಕಳಿಸಿಕೊಡು. ಇಲ್ಲಾಂದ್ರೆ ನೀನು ಗಂಟುಮೂಟೆ ಕಟ್ಟು!"

ಆ ಕೋಣೆ ಬಿಟ್ಟರೆ ತಿಯುರ್ಮಾಗೆ ಊರಿನಲ್ಲಿ ಬೇರೆ ದಿಕ್ಕಿರಲಿಲ್ಲ. ಒಪ್ಪಿಕೊಂಡಳು. ಸತ್ತವನ ಕರ್ಮ ಮಾಡಿಸಲು ಆಂಟಿ ಪೂಜಾರಿಯನ್ನು ಕರೆಸಿದರು.

ಪೂಜಾರಿ ಗಂಟೆ ಕೆಳಗಿಟ್ಟು, "ಸತ್ತವನ ಹೆಸರು?" ಎಂದ. ತಿಯುರ್ಮಾ ಪುಸ್ತಕದಲ್ಲಿದ್ದ ಹೆಸರು ಹೇಳಿದಳು.

"ಎಡೆ ಇಡಬೇಕು. ತಿನ್ನೋಕೆ ಅವನಿಗೆ ಏನಿಷ್ಟ?"

"ಸಿಗಡಿ ಹಾಕಿ ಹುರಿದ ನೂಡಲ್ಸ್," ಎಂದಳು, ಬಾಯಿಗೆ ಬಂದದ್ದು. ಆಂಟಿ ಓಡಿಹೋಗಿ ಮೂಲೆಯ ಗಾಡಿಯಿಂದ ತಂದಿಟ್ಟರು, ಖಾರ ಜಾಸ್ತಿ ಹಾಕಿಸಿ.

"ಇವನ ಕಡೆಯವರು ಯಾರು? ಊದುಕಡ್ಡಿ ಹಿಡಿಯೋಕೆ ಒಬ್ಬರು ಬೇಕು."

ತಿಯುರ್ಮಾ ತಬ್ಬಿಬ್ಬಾದಳು. ಸಂಸ್ಥೆಯಲ್ಲಿದ್ದಾಗ ಯಾರ ಮನೆಗೆ ಹೋದರೂ ಅವಳು ಮೊದಲು ಕೇಳುತ್ತಿದ್ದದ್ದೇ ಈ ಪ್ರಶ್ನೆ. ಪುಸ್ತಕದಲ್ಲಿ ಮಾತ್ರ ಈ ಬಡಪಾಯಿಗೆ ಹೆಂಡತಿ ಹಾಗಿರಲಿ, ಒಬ್ಬ ತಾಯಿಯನ್ನೂ ಕೊಟ್ಟಿರಲಿಲ್ಲ.

"ಯಾರೂ ಇಲ್ಲ," ಎಂದಳು.

"ಕೊಂದವಳು ನೀನು, ನೀನೇ ಕೂತ್ಕೋ," ಎಂದು ಆಂಟಿ ಅವಳ ತೋಳಿಗೆ ಸೂತಕದ ಮಗಳು ಧರಿಸುವ ಗೋಣಿಬಟ್ಟೆಯ ತುಂಡು ಸಿಕ್ಕಿಸಿದರು. ತಿಯುರ್ಮಾ ಮಂಡಿಯೂರಿದಳು. ನಾಟಕಕ್ಕೆಂದು ಶುರುಮಾಡಿದ ಅಳು ನಿಜದ್ದೇ ಆಗಿ, ಸತ್ತಾಗ ತಾನು ಮಣ್ಣಿಗೂ ಹೋಗಲಾಗದಿದ್ದ ಅಪ್ಪನ ನೆನಪಿನ ತನಕ ಹೋಯಿತು. ಆಂಟಿ ಬೆನ್ನು ಸವರುತ್ತ ತಾವೂ ಒಂದು ಸುತ್ತು ಅತ್ತರು.

ಸತ್ತವನ ಪರಲೋಕದ ಖರ್ಚಿಗೆಂದು ಇಟ್ಟ ಕಾಗದದ ಹಣವೆಲ್ಲ ಸುಟ್ಟು ಪೂಜಾರಿ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಆಂಟೀ, ನಾನಿನ್ನು ಮನೆ ಬಿಡಬೇಕಾ?"

"ಹುಚ್ಚೀ! ಸೂತಕ ಹಿಡಿದ ಮಗಳು ನೀನು. ನೀನು ಹೋದ್ರೆ ವರ್ಷವರ್ಷ ಅವನಿಗೆ ಎಡೆ ಇಡೋರು ಯಾರು, ನಾನಾ?" ಆಂಟಿ ನೂಡಲ್ಸ್ ತಟ್ಟೆ ಎಳೆದುಕೊಂಡು ಅರ್ಧ ಅವಳಿಗೆ ಬಡಿಸಿದರು. "ತಿನ್ನು. ಮುಂದಿನ ಸಲ ಎದುರುಮನೆ ಮುದುಕನ ಹಾಲ್‌ನಲ್ಲಿ ಸಾಯಿಸು. ಅವನೂ ಸ್ವಲ್ಪ ಅನುಭವಿಸಲಿ."