ಕರಿಬಟ್ಟೆಯೊಳಗಿನ ನಕ್ಷತ್ರಗಳು

ಆಕಾಶದಿಂದ ಬೀಳುವ ಕಾಸ್ಮಿಕ್ ಕಿರಣದ ಕಣಗಳನ್ನು ಎಣಿಸಲು ಬೀದರಿನ ಕಾಲೇಜೊಂದರಲ್ಲಿ ನಾನು ಇಟ್ಟಿದ್ದ ಯಂತ್ರ ಮೂರು ದಿನದಿಂದ ಹುಚ್ಚು ಹಿಡಿದಂತೆ ಎಣಿಸುತ್ತಿತ್ತು. ಬೆಳಕು ತಾಗದಂತೆ ಅದಕ್ಕೆ ಸುತ್ತಿದ ಕರಿಬಟ್ಟೆಯಲ್ಲಿ ಎಲ್ಲೋ ತೂತಿತ್ತು. ನುಸುಳಿದ ಬೆಳಕನ್ನೂ ಅದು ಕಣವೆಂದೇ ತಿಳಿಯುತ್ತಿತ್ತು. ಟಾರ್ಚ್ ಹಿಡಿದು ಹುಡುಕಿ ಸೋತೆ. ನಾಳೆಯೊಳಗೆ ಸರಿಯಾಗದಿದ್ದರೆ ಗಂಟುಮೂಟೆ ಕಟ್ಟು ಅಂದರು ಪಿಎಚ್‌.ಡಿ. ಗೈಡ್.

ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಲಾರಿ ತಾಡಪತ್ರಿ ಹೊಲಿಯುವ ಅಜ್ಜನಿಗೆ ಬಟ್ಟೆ ಕೊಟ್ಟೆ. ಅವನು ಅದನ್ನು ತಲೆತುಂಬ ಹೊದ್ದು ಬಿಸಿಲಿಗೆ ನಿಂತ.

"ಹೊರಗ ನಿಂತು ಹುಡುಕಿದ್ರ ಹ್ಯಾಂಗ ಕಾಣ್ತದರಿ? ಒಳಗ ಬರ್ರಿ."

ನುಗ್ಗಿದೆ. ಹೊಲಿಗೆಯುದ್ದಕ್ಕೂ ಸೂಜಿತೂತುಗಳು ನಕ್ಷತ್ರದಂತೆ ಹೊಳೆಯುತ್ತಿದ್ದವು.

"ಇಷ್ಟು ದಪ್ಪ ಸೂಜಿಲೆ ಯಾರು ಹೊಲ್ದಾರ್ರಿ?"

ನಾನೇ. ಭದ್ರವಾಗಲೆಂದು ಎರಡೆರಡು ಸಲ.

ಅಜ್ಜ ನಕ್ಕು, ಹೊಲಿಗೆ ಮೇಲೆಲ್ಲ ಕರಿಪಟ್ಟಿ ಅಂಟಿಸಿಕೊಟ್ಟ. ಸಂಜೆ ಯಂತ್ರ ಸರಿಯಾಗಿ ಎಣಿಸಿತು. ನಾನು ವರಾಂಡದಲ್ಲಿ ಕುಣಿದುಬಿಟ್ಟೆ.

"ತೂತು ಹುಡುಕಿದ್ದು ಯಾವ ಉಪಕರಣದಿಂದ?" ಗೈಡ್ ಕೇಳಿದರು.

"ಸೂರ್ಯ, ಸರ್."

ತೂತು ಮಾಡಿದ್ದು ಯಾರೆಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.