ನಂಜಿನ ಪಟ್ಟಿಗೆ ಸೇರಿದ ಮಾತ್ರೆ

ಸ್ನೇಹಿತರೇ, ನಾಲ್ಕು ದಿನದಿಂದ ಕಾಣದಿದ್ದ ನನ್ನ ಸಂಧಿವಾತದ ಮಾತ್ರೆ ಇವತ್ತು ಅತ್ತೆಯ ಎಲೆಯಡಿಕೆ ಡಬ್ಬಿಯಲ್ಲಿ ಸಿಕ್ಕಿತು.

ಕುಂದಾಪುರದ ಪಕ್ಕದ ಕೋಡಿಯಲ್ಲಿ ಮೂವತ್ತು ವರ್ಷದಿಂದ ಮೀನು ಮಾರುವ ಅತ್ತೆಗೆ ನನ್ನಂಥ ಬಾಣಂತಿ ಏನು ತಿನ್ನಬಾರದು ಎಂಬುದು ಬಾಯಿಪಾಠ. ಬಂಗುಡೆ ಮೀನು ನಂಜು, ಬದನೆ ನಂಜು. ಆ ಸಾಲಿಗೆ ಮಾತ್ರೆಯನ್ನೂ ಸೇರಿಸಿ ಬಚ್ಚಿಟ್ಟಿದ್ದರು. ಬೆಳಿಗ್ಗೆ ನಾನು ಬೆರಳು ಮಡಚಲಾಗದೆ, ಮಗುವನ್ನು ಎತ್ತಲಾರದೆ ಕುಳಿತದ್ದು ನೋಡಿ ಅವರೇ ಹೆದರಿ ಕುಂದಾಪುರದ ಡಾಕ್ಟರ ಹತ್ತಿರ ಕರೆದೊಯ್ದರು.

ಅಲ್ಲಿ ಅತ್ತೆ ಎಲೆಯಡಿಕೆ ಡಬ್ಬಿಯಿಂದ ಮಾತ್ರೆ ತೆಗೆದು ತೋರಿಸಿ ಕೇಳಿದರು, "ಡಾಕ್ಟ್ರೇ, ಇದ್ ಹಾಲಂಗೆ ಇಳ್ದ್ ಶಿಶುಗ್ ನಂಜ್ ಆತಿಲ್ಯಾ?"

ಬಸಿರಾಗುವ ಮೊದಲೇ ನನ್ನ ಹಳೆಯ ಮಾತ್ರೆ ಬಿಡಿಸಿ ಇದನ್ನು ಕೊಟ್ಟವರೇ ಆ ಡಾಕ್ಟರು. "ಹಾಲ್ ಕುಡ್ಸುವವ್ರಿಗೆ ಆಪುದೇ ನೋಡಿ ಕೊಟ್ಟದ್ದ್ ಅಮ್ಮ. ಶಿಶುಗ್ ಎಂತ ಆತಿಲ್ಲೆ. ನಿಲ್ಸಿದ್ರೇ ತೊಂದ್ರೆ," ಎಂದರು.

ಅತ್ತೆ ತಲೆಯಾಡಿಸಿದರು. ಇದೇ ಸಮಯವೆಂದು ನಾನು ಕೇಳಿದೆ, "ಡಾಕ್ಟ್ರೇ, ಹಂಗಾರೆ ಬಂಗ್ಡಿ ತಿಂಬುಕ್ ಅಕ್ಕಾ?"

ಡಾಕ್ಟರು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತರು. "ಮಾತ್ರಿ ಅವ್ರಿಗ್ ಗೊತ್ತ್. ಮೀನ್ ನಂಗ್ ಗೊತ್ತ್. ಏಳ್, ಮನಿಗ್ ಹೋಪ."

ಡಾಕ್ಟರು ನಗುತ್ತಾ ಮುಂದಿನವರನ್ನು ಒಳಗೆ ಕರೆದರು. ಅವರ ಮನೆಗೂ ಮೀನು ಕೊಡುವುದು ನಮ್ಮ ಅತ್ತೆಯೇ.