ಕಾಯುವ ನೆಲೆಗಳ ನಕ್ಷೆಗಾರ: ಪ್ರೊ. ಸಮೀವುಲ್ಲಾ ಸಾಹೇಬರು

ಕಲಬುರಗಿಯನ್ನು ಕುರಿತು ಬರೆದ ಚರಿತ್ರಕಾರರುಂಟು, ಇಲ್ಲಿಯ ಕಲ್ಲುಬರಹಗಳನ್ನು ಓದಿದ ಸಂಶೋಧಕರುಂಟು, ಕೋಟೆಯ ಸುತ್ತಳತೆಯನ್ನೂ ಗುಮ್ಮಟಗಳ ಎತ್ತರವನ್ನೂ ಗುರುತಿಸಿಟ್ಟ ವಿದ್ವಾಂಸರುಂಟು. ಆದರೆ ಈ ಊರಿನ ಜನ ಬೆಳಗ್ಗೆ ಮನೆಯಿಂದ ಹೇಗೆ ಹೊರಡುತ್ತಾರೆ, ಸಂಜೆ ಹೇಗೆ ಮರಳುತ್ತಾರೆ, ಯಾವ ಓಣಿಯವರು ಕಾಲನ್ನು ನಂಬುತ್ತಾರೆ, ಯಾವ ಬಡಾವಣೆಯವರು ಬಸ್ಸಿನ ದಾರಿ ನೋಡುತ್ತಾರೆ ಎಂಬುದನ್ನೇ ಒಂದು ಶಾಸ್ತ್ರವೆಂದು ಬಗೆದು, ಬಡಾವಣೆಗಳನ್ನು ಅಲ್ಲಿಯವರ ಸಂಚಾರದ ರೀತಿಯಿಂದ ವಿಂಗಡಿಸಲು ಆಯುಷ್ಯದ ಬಹುಭಾಗವನ್ನು ಸವೆಸಿದವರು, ನಾನು ಬಲ್ಲಂತೆ, ನಮ್ಮ ಕಾಲೇಜಿನ ಭೂಗೋಳ ಪ್ರಾಧ್ಯಾಪಕರಾಗಿದ್ದು ಈಗ ನಿವೃತ್ತರಾಗಿರುವ ಸಮೀವುಲ್ಲಾ ಸಾಹೇಬರೊಬ್ಬರೇ. ಅವರನ್ನು ಕುರಿತು ಬರೆಯುವ ಭಾಗ್ಯ ಒದಗಿದುದಕ್ಕೆ ಶರಣಬಸವೇಶ್ವರನಿಗೆ ಮಣಿದು ಈ ಲೇಖನವನ್ನು ಆರಂಭಿಸುತ್ತೇನೆ. ಅವರಿಲ್ಲದ ಕಾಲೇಜಿನ ಅಂಗಳದಲ್ಲಿ ಕುಳಿತು ಬರೆಯಬೇಕಾಗಿ ಬಂದುದರಿಂದ ಕೈ ಅಷ್ಟು ಸುಲಭವಾಗಿ ಓಡುತ್ತಿಲ್ಲ.

ಸಾಹೇಬರ ಹುಟ್ಟೂರು ಕಮಲಾಪುರ. ಅವರ ತಂದೆ ನಬಿಸಾಬರು ಅಲ್ಲಿಯ ಬಸ್‌ಸ್ಟ್ಯಾಂಡಿನೆದುರು ಕೆಂಪು ಬಾಳೆಹಣ್ಣಿನ ವ್ಯಾಪಾರ ಮಾಡುತ್ತಿದ್ದರು. ಹುಮನಾಬಾದಿನ ಕಡೆಯಿಂದ ಬರುವ ಬಸ್ಸು ನಿಂತೊಡನೆ ಕಿಟಕಿಗೆ ಹಣ್ಣಿನ ಚಿಪ್ಪು ಎತ್ತಿ ಹಿಡಿಯುವುದು ಬಾಲಕ ಸಮೀವುಲ್ಲಾರ ಪಾಲಿಗೆ ಬಂದ ಕೆಲಸ. ಕಿಟಕಿಯೊಳಗಿನ ಮುಖಗಳನ್ನು ನೋಡುತ್ತ, ಇವರೆಲ್ಲ ಎಲ್ಲಿಗೆ ಹೋಗುತ್ತಾರೆ, ಹೋಗಲೇಬೇಕೆಂದು ಏಕೆ ಹೋಗುತ್ತಾರೆ ಎಂದು ಆಗ ಮೂಡಿದ ಕುತೂಹಲವೇ ಮುಂದೆ ವಿದ್ಯೆಯಾಯಿತೆಂದು ಅವರು ಹೇಳುವುದುಂಟು. ಸೇವೆಗೆ ಸೇರಿದ ಮೇಲೆ ಕಲಬುರಗಿಯ ದರ್ಗಾದ ಸುತ್ತಲಿನ ರೋಜಾ ಬಡಾವಣೆಯಲ್ಲಿ ಬಾಡಿಗೆಯ ಮನೆ ಹಿಡಿದರು. ಶನಿವಾರದ ಮಧ್ಯಾಹ್ನ ಬಂತೆಂದರೆ ಮಾತ್ರ ಅವರ ಕಣ್ಣು ಪಾಠದ ಹಲಗೆಯ ಮೇಲೆ ನಿಲ್ಲುತ್ತಿರಲಿಲ್ಲ. ಪತ್ನಿಯಿದ್ದ ಕಮಲಾಪುರದ ಬಸ್ಸಿನ ಕಡೆಗೇ ಮನಸ್ಸು ಎಳೆಯುತ್ತಿತ್ತು.

ಅದೇ ಕಾಲೇಜಿನಲ್ಲಿ ನಾನು ಹಳಗನ್ನಡವನ್ನೂ ಅಲಂಕಾರಶಾಸ್ತ್ರವನ್ನೂ ಕಲಿಸುತ್ತಿದ್ದೆ. ಭೂಗೋಳಕ್ಕೂ ಕಾವ್ಯಕ್ಕೂ ಏನು ನಂಟೆಂದು ಸಹೋದ್ಯೋಗಿಗಳು ನಗುತ್ತಿದ್ದರು. ನಂಟು ಬೆಳೆದದ್ದು ನನ್ನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಕಾಲದಲ್ಲಿ. ಕಟ್ಟು ಬಿಚ್ಚಿದ ಮೇಲೂ ನನಗೆ ಹಾದಿ ಮಸುಕಾಗಿಯೇ ಕಾಣುತ್ತಿದ್ದ ಆ ದಿನಗಳಲ್ಲಿ ಸಾಹೇಬರು ರೋಜಾದಿಂದ ಕೆರೆಯ ದಂಡೆಯ ನಮ್ಮ ಮನೆಯವರೆಗೆ ಬಂದು, ನನ್ನ ಲಿಂಗಪೂಜೆ ಮುಗಿಯುವ ತನಕ ಕಟ್ಟೆಯ ಮೇಲೆ ಕಾದಿದ್ದು, ಕೈಹಿಡಿದು ಕಾಲೇಜಿಗೆ ಕರೆದೊಯ್ಯುತ್ತಿದ್ದರು. ದಾರಿಯುದ್ದಕ್ಕೂ ನಾನು ಕಾಣದುದನ್ನು ಹೇಳುತ್ತಿದ್ದರು: ಇಲ್ಲಿ ಮನೆಮನೆಗೂ ಗಾಡಿ ಬಂದಿದೆ, ಇಲ್ಲಿ ಒಂದೇ ಆಟೋದಲ್ಲಿ ಓಣಿಯ ಮಕ್ಕಳೆಲ್ಲ ಶಾಲೆಗೆ ಹೋಗುತ್ತಾರೆ, ಇಲ್ಲಿ ಒಬ್ಬ ಮುದುಕಿ ಯಾರಾದರೂ ಕರೆದೊಯ್ದಾರೆಂದು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿ ಕುಳಿತಿದ್ದಾಳೆ. ಕಣ್ಣು ತಿಳಿಯಾದ ಮೇಲೂ ಆ ನಡಿಗೆ ನಿಲ್ಲಲಿಲ್ಲ. ಅವರ ನಿವೃತ್ತಿಯ ದಿನದವರೆಗೆ ನಡೆಯಿತು.

ವಿದ್ಯಾರ್ಥಿಗಳು ಅವರನ್ನು ನೆನೆಯುವುದು ಬೇರೊಂದು ಕಾರಣಕ್ಕೆ. ಪ್ರತಿ ದಿನ ತರಗತಿಯ ಆರಂಭವನ್ನು ಅವರು ಹಿಂದಿನ ದಿನದ ಪಾಠದ ಪುನರಾವರ್ತನೆಗೆ ಮೀಸಲಿಡುತ್ತಿದ್ದರು. ಜಾಣ ಹುಡುಗರು ಬೇಸರಪಡುತ್ತಿದ್ದರು. ಹಳ್ಳಿಯ ಬಸ್ಸುಗಳಿಂದ ಏದುಸಿರು ಬಿಡುತ್ತ ಬರುವವರಿಗೆ ಹೊಸ ಪಾಠ ತಪ್ಪಬಾರದೆಂಬ ಆಲೋಚನೆ ಅದರ ಹಿಂದಿತ್ತೆಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ.

ನಗರದ ಸಂಚಾರ ಯೋಜನೆಗೆಂದು ಒಂದು ಸಮಿತಿ ಬಡಾವಣೆಗಳ ವಿಂಗಡಣೆಯನ್ನು ಅವರಿಗೆ ಒಪ್ಪಿಸಿದುದು ಅವರ ಸೇವಾಜೀವನದ ಶಿಖರವೆನ್ನಬೇಕು. ನಕ್ಷೆ ಸಿದ್ಧವಾದರೆ ಅದರ ಆಧಾರದ ಮೇಲೆ ಬಸ್ಸುಗಳ ಹಾದಿಗಳು ಹೊಸದಾಗಿ ನಿಶ್ಚಯವಾಗುವುವು. ಅಧ್ಯಯನ ಗ್ರಂಥರೂಪದಲ್ಲಿ ಅಚ್ಚಾಗುವುದು. ಯೌವನದಿಂದ ಅವರು ಹಂಬಲಿಸಿದ ಗ್ರಂಥ ಅದು. ವರ್ಗಗಳಿಗೆ ಕನ್ನಡದ ಹೆಸರು ಬೇಕೆಂದು ನನ್ನಲ್ಲಿಗೆ ಬಂದರು. ನಡೆವ ನೆಲೆ, ಕೂಡಿ ಸಾಗುವ ನೆಲೆ, ಒಬ್ಬರೇ ಓಡುವ ನೆಲೆ ಎಂದು ಮೂರನ್ನು ಹೇಳಿದೆ. ಹೋಗಬೇಕೆಂಬ ಮನಸ್ಸಿದ್ದೂ ಹೋಗುವ ಸಾಧನವಿಲ್ಲದ ಬಡಾವಣೆಗಳಿಗೆ ಏನೆನ್ನುವುದೆಂದು ಅವರು ಕೇಳಿದಾಗ, ಕಾಯುವ ನೆಲೆ ಎಂದೆ. ಆಗ ಮಾತಿಗೆ ಮಾತು ಬೆಳೆದು, ನಮ್ಮ ಆಲಂಕಾರಿಕರು ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿದ್ದಾರೆಂದೂ, ಸಿಂಗರಿಸಿಕೊಂಡು ಕಾದಿರುವವಳು, ತಾನೇ ಹೊರಟು ಹೋಗುವವಳು, ದೂರದೇಶಕ್ಕೆ ಹೋದವನನ್ನು ನೆನೆದು ಕೊರಗುವವಳು ಎಂದು ಮುಂತಾಗಿ ಆ ವಿಂಗಡಣೆಯೂ ಹೋಗುವವರ ಮತ್ತು ಕಾಯುವವರ ಲೆಕ್ಕವೇ ಆಗಿದೆಯೆಂದೂ ವಿವರಿಸಿದೆ. ಸಾಹೇಬರು ಮನಸಾರೆ ನಕ್ಕರು.

"ಸ್ವಾಮಿ, ಹಂಗಾರ ಭೂಗೋಳ ನಿಮ್ಮವ್ರೇ ಮದಲ ಬರದಾರ ಬಿಡ್ರಿ. ನಾ ಸುಮ್ನ ಬಿಸಲಾಗ ತಿರಗಾಕತ್ತೀನಿ."

ಎಣಿಕೆಯ ಕಾಲವನ್ನು ಅವರು ಬಹು ಎಚ್ಚರದಿಂದ ಆರಿಸಿದ್ದರು. ರಂಜಾನಿನಲ್ಲಿ ಜನರ ಹೊತ್ತುಗಳು ಬದಲಾಗುತ್ತವೆ, ಬಂದೇನವಾಜರ ಉರುಸಿನಲ್ಲಿ ರೋಜಾದ ಹಾದಿಗಳಲ್ಲಿ ಪರಊರಿನ ಯಾತ್ರಿಕರೇ ತುಂಬಿರುತ್ತಾರೆ, ಅವೆರಡೂ ಕಳೆಯಲೆಂದು ಕಾದರು. ಕಾದು ಎಣಿಸಿದ ತಿಂಗಳು ಶ್ರಾವಣವಾಗಿತ್ತು. ಶ್ರಾವಣದಲ್ಲಿ ಬರಿಗಾಲಲ್ಲಿ ಶರಣಬಸವೇಶ್ವರನ ಗುಡಿಗೆ ಹೋಗುವುದು ನಮ್ಮ ಕಡೆಯ ವ್ರತ. ಹುಟ್ಟಿದಾಗಿನಿಂದ ಕಣ್ಣೆದುರಿಗಿದ್ದ ಆಚಾರವಾದುದರಿಂದಲೇ, ಈ ಭಕ್ತಿಯ ನಡಿಗೆ ಲೆಕ್ಕದೊಳಗೆ ಬಂದು ಕೂತೀತೆಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನಗರದಂಚಿನ ಕೋಟನೂರ ಆ ತಿಂಗಳು ನಸುಕಿನಲ್ಲೇ ಎದ್ದು ನಡೆಯುತ್ತಿತ್ತು. ಬಸ್ಸು ಬರಿದಾಗಿ ಓಡುತ್ತಿತ್ತು. ನಕ್ಷೆಯಲ್ಲಿ ಕೋಟನೂರ ನಡೆವ ನೆಲೆಯಾಯಿತು. ನಕ್ಷೆ ಸಮಿತಿಗೆ ಹೋಯಿತು. ಅಲ್ಲಿಯ ಬೆಳಗಿನ ಬಸ್ಸನ್ನು ಬೇರೆ ಹಾದಿಗೆ ತಿರುಗಿಸಬೇಕೆಂಬ ಠರಾವೂ ಸಿದ್ಧವಾಯಿತು.

ಕಾರ್ತಿಕ ಕಳೆದ ಮೇಲೆ, ಗ್ರಂಥದ ಮುಖಪುಟಕ್ಕೆ ನಡೆದು ಬರುವ ಜನರ ಚಿತ್ರವೊಂದಿದ್ದರೆ ಚೆನ್ನೆಂದು, ಸಾಹೇಬರು ಒಂದು ಮುಂಜಾನೆ ಕ್ಯಾಮೆರಾ ಹಿಡಿದು ಕೋಟನೂರಿಗೆ ಹೋದರು. ಹಾದಿಯಲ್ಲಿ ನರಪಿಳ್ಳೆಯಿರಲಿಲ್ಲ. ಊರೆಲ್ಲ ಬಸ್ಸು ನಿಲ್ಲುವ ಬೇವಿನ ಮರದಡಿ ನಿಂತಿತ್ತು. ಅಲ್ಲಿ ಅವರಿಗೆ ಎದುರಾದವಳು ನೀಲಗಂಗಮ್ಮ, ನಗರದ ಜಗತ್ ಸರ್ಕಲ್ಲಿನ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿಯುವ ಹೆಣ್ಣುಮಗಳು. ಅಂದಿನ ಮಾತುಕತೆಯನ್ನು ಸಾಹೇಬರು ನನಗೆ ಎಷ್ಟು ಸಲ ಹೇಳಿದ್ದಾರೆಂದರೆ ನಾನೇ ಅಲ್ಲಿ ನಿಂತು ಕೇಳಿದಂತಿದೆ.

"ಏನ್ರಿ ಸಾಹೇಬ್ರ, ಬಸ್ಸಿನ ಫೋಟೋ ತಗೀತೀರೇನು? ತಗೋರಿ, ತಗೋರಿ. ಮುಂದಿನ ತಿಂಗಳ ಇದರ ಫೋಟೋನೇ ಉಳೀತದ."

"ಯಾಕವ್ವಾ, ಹಂಗ್ಯಾಕಂತಿ?"

"ಯಾವನೋ ಶಾಣ್ಯಾ ಬರದು ಕೊಟ್ಟಾನಂತ್ರಿ, ಕೋಟನೂರ ಮಂದಿ ಕಾಲು ಭಾಳ ಗಟ್ಟಿ ಅದಾವ, ಬಸ್ಸ ಬ್ಯಾಡಂತ. ಅಂವನ ಕಾಲಿಗಿ ನಮ್ಮೂರ ಜಾಲಿಮುಳ್ಳ ನಡಲಿ!"

ಸುತ್ತಲಿನ ಹೆಂಗಸರು ಗೊಳ್ಳೆಂದು ನಕ್ಕರಂತೆ. ಸಾಹೇಬರು ಕ್ಯಾಮೆರಾವನ್ನು ಚೀಲದೊಳಗೆ ಸರಿಸಿ, "ಬಸ್ಸ ಹೋದ್ರ ಆಟೋದಾಗ ಹೋಗೂದಾಗಂಗಿಲ್ಲೇನವ್ವಾ?" ಎಂದು ಮೆಲ್ಲಗೆ ಕೇಳಿದರು.

"ಆಟೋದವ್ಗ ಕೊಟ್ಟು ನಾ ಏನ್ ತಿನ್ಲಿ, ಕಟಗಿ ತಿನ್ಲೇನು? ಹೊತ್ತಿಗಿ ಒಲಿ ಮುಂದ ಕೂಡ್ಲಿಲ್ಲಂದ್ರ ಮಾಲಕ ಬ್ಯಾರೆದಾಕಿನ್ನ ಕೂಡಸ್ತಾನ. ಮನ್ಯಾಗ ದುಡಿಯಾಕಿ ನಾ ಒಬ್ಬಾಕಿನೇ ಇದ್ದೀನ್ರಿ. ಸರೀರಿ, ಬಸ್ಸ ಬಂತು, ಬಾಗಲದಾಗ ಕಂಬ ನಿಂತಂಗ ನಿಂದ್ರಬ್ಯಾಡ್ರಿ."

ಆ ಶಾಣ್ಯಾ ತಾನೇ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಸಾಹೇಬರು ನೇರವಾಗಿ ನಮ್ಮ ಮನೆಗೆ ಬಂದರು. ನಾನು ವಿಭೂತಿ ಧರಿಸಿ ಪೂಜೆಯಿಂದ ಆಗತಾನೇ ಎದ್ದಿದ್ದೆ.

"ಸ್ವಾಮಿ, ಕೋಟನೂರ ಹಾದಿ ಖಾಲಿ ಅದರಿ."

"ಈಗ ಯಾರ ನಡೀತಾರ್ರಿ ಸಾಹೇಬ್ರ? ಶ್ರಾವಣ ಮುಗದು ಎಷ್ಟ ದಿನಾತು" ಎಂದು ನಾನು ಸಹಜವಾಗಿ ಅಂದೆ. ಅಂದೊಡನೆ ಇಬ್ಬರಿಗೂ ಅರ್ಥವಾಯಿತು. ನಮ್ಮ ಮನೆಯವರಾದ ಶಂಕ್ರಮ್ಮ ಚಹಾ ತಂದಿಟ್ಟರು. ಆಮೇಲೆ ಸಾಹೇಬರು ಕೇಳಿದರು:

"ನಿಮ್ಮ ಎಂಟು ನಾಯಿಕೇರು ಅದಾರಲ್ಲ, ಅವ್ರು ಎಂಟ ಮಂದಿ ಏನ್ರಿ?"

"ಇಲ್ರಿ. ಒಬ್ಬಾಕಿನೇ. ಇವತ್ತ ಕಾಯ್ತಾಳ, ನಾಳಿ ತಾನೇ ಹೊಂಡ್ತಾಳ. ಎಂಟು ಅನ್ನೂದು ಅವಸ್ಥಾ."

"ಹಂಗಾರ ನನ್ನ ನಕ್ಷಾ ಪೂರಾ ಸುಳ್ಳ ಆತು. ನಾ ಒಂದು ಅವಸ್ಥಾ ನೋಡಿ ಜಾತಿ ಬರದೆ."

ಮಾರನೆಯ ದಿನವೇ ಸಮಿತಿಯ ಮುಂದೆ ಹೋದರು. ಜೊತೆಗೆ ನಾನೂ ಹೋದೆ. ಅಧ್ಯಕ್ಷರು ಸಜ್ಜನರು. ಕೋಟನೂರನ್ನಷ್ಟೇ ತಿದ್ದಿಕೊಟ್ಟರೆ ಸಾಕು, ಉಳಿದುದು ಹಾಗೆಯೇ ಇರಲೆಂದು ದಾರಿ ತೋರಿಸಿದರು. ಗ್ರಂಥ ಉಳಿಯುವ ದಾರಿ ಅದು. ನನ್ನ ಮನಸ್ಸೂ ಅದನ್ನೇ ಬಯಸಿತ್ತು.

"ಕೋಟನೂರ ನಾ ಎರಡ್ಸಲ ನೋಡೀನ್ರಿ. ಉಳದ ಓಣಿಗೋಳು ಒಂದೇ ಸಲ ನೋಡೀನಿ" ಎಂದರು ಸಾಹೇಬರು. "ಅಲ್ಲೀ ಬಸ್ಸ ಕಾಯೋ ಹೆಣ್ಮಗಳು ನನಗ ಸಿಕ್ಕಿಲ್ಲ ಅಷ್ಟ. ಹೆಂಗ ಸಹಿ ಮಾಡ್ಲಿ?"

"ಪೂರಾ ವಾಪಸ್ ತಗೊಂಡ್ರ ಪುಸ್ತಕ ಆಗಂಗಿಲ್ಲ ನೋಡ್ರಿ ಪ್ರೊಫೆಸರ್ ಸಾಹೇಬ್ರ. ಮತ್ತ ಇಂಥಾ ಕೆಲಸ ನಿಮ್ಮ ಕೈಗಿ ಬರ್ತದಂತ ನಾ ಹೇಳಾಕಾಗಂಗಿಲ್ಲ."

"ಬಸ್ಸ?"

"ನಕ್ಷಾನೇ ಇಲ್ಲಂದ್ರ ಬಸ್ಸ ತಗಿಲಾಕ ಆಧಾರ ಎಲ್ಲಿಂದ್ರಿ? ಇದ್ದಲ್ಲೇ ಇರ್ತದ."

"ಹಂಗಾರ ವಾಪಸ್ ಕೊಡ್ರಿ."

ಸುರುಳಿ ಸುತ್ತಿದ ನಕ್ಷೆಯನ್ನು ಕಂಕುಳಲ್ಲಿರಿಸಿಕೊಂಡು ಅವರು ಮೆಟ್ಟಿಲಿಳಿದ ರೀತಿ ಇಂದಿಗೂ ನನ್ನ ಕಣ್ಣಲ್ಲಿದೆ. ಜಗತ್ ಸರ್ಕಲ್ಲಿನ ಗದ್ದಲದಲ್ಲಿ ನಿಂತು, ರಸ್ತೆ ದಾಟಲು ನನ್ನ ಕೈಹಿಡಿದರು. ಕೆಲಸ ಮತ್ತೆ ಅವರನ್ನು ಹುಡುಕಿಕೊಂಡು ಬರಲಿಲ್ಲ. ಬೇರೊಂದೂರಿನ ತಜ್ಞರು ಬಂದು ಬೇರೆ ರೀತಿಯ ವರದಿ ಬರೆದರು. ಅದರಲ್ಲಿ ಕೋಟನೂರಿನ ಬಸ್ಸಿಗೆ ತೊಂದರೆಯಾಗಲಿಲ್ಲ ಎಂಬುದಷ್ಟೇ ಸಮಾಧಾನ.

ಸಾಹೇಬರು ತಮ್ಮಷ್ಟಕ್ಕೆ ತಾವು ಹೊಸದಾಗಿ ತೊಡಗಿದರು. ಒಂದೊಂದು ಬಡಾವಣೆಯನ್ನೂ ಬೇರೆ ಬೇರೆ ಮಾಸಗಳಲ್ಲಿ, ಹಬ್ಬದಲ್ಲಿ, ಬಿಸಿಲಿನಲ್ಲಿ, ಮಕ್ಕಳ ಪರೀಕ್ಷೆಯ ಕಾಲದಲ್ಲಿ ನೋಡಬೇಕೆಂದು ಪಣತೊಟ್ಟರು. ವಿದ್ಯಾರ್ಥಿನಿ ಅಲ್ಫಿಯಾ, ವಿದ್ಯಾರ್ಥಿ ಯಶವಂತ ಮೊದಲಾದವರು ಅವರೊಡನೆ ಊರು ಸುತ್ತಿದರು. ಸುತ್ತಿ ಮುಗಿಯುವ ಹೊತ್ತಿಗೆ ಹೊಸ ಬಡಾವಣೆಗಳು ಹುಟ್ಟುತ್ತಿದ್ದವು, ಹಳೆಯವು ಸ್ವಭಾವ ಬದಲಿಸುತ್ತಿದ್ದವು. ಗ್ರಂಥ ಮುಗಿಯಲಿಲ್ಲ. ನಿವೃತ್ತಿಯ ದಿನ ಬಂದೇ ಬಂತು. ಗುಮ್ಮಟಗಳ ಊರನ್ನು ಬಿಟ್ಟು ಬಾಳೆಯ ಊರಿಗೆ ಅವರು ಮರಳಿದರು.

ಈಗ ಬೆಳಗ್ಗೆ ಪೂಜೆ ಮುಗಿಸಿ ಹೊರಬಂದರೆ ಕಟ್ಟೆ ಬರಿದಾಗಿರುತ್ತದೆ. ಕಣ್ಣು ಚೆನ್ನಾಗಿಯೇ ಇದೆ. ಆದರೂ ಹಾದಿಯಲ್ಲಿ ಏನಿದೆಯೆಂದು ಹೇಳುವವರಿಲ್ಲದೆ ನೋಡುವುದು ರೂಢಿಯಾಗಿಲ್ಲ. ಕಾವ್ಯದ ವಿರಹವನ್ನು ಇಷ್ಟು ವರ್ಷ ಪಾಠ ಹೇಳಿದವನಿಗೆ, ಗೆಳೆಯನಿಲ್ಲದ ಕಾಲುದಾರಿಯೂ ಅದರೊಳಗೆ ಸೇರುತ್ತದೆಂಬುದು ಈ ಇಳಿವಯಸ್ಸಿನಲ್ಲಿ ತಿಳಿಯಿತು.

ತಡೆಯಲಾರದೆ ಹೋದ ತಿಂಗಳು ಕಮಲಾಪುರದ ಬಸ್ಸು ಹತ್ತಿದೆ. ಬಾಗಿಲು ತೆರೆದವರು ಸಾಹೇಬರ ಪತ್ನಿ ಜುಬೇದಾ ಅವರು.

"ಬರ್ರಿ ಅಣ್ಣಾರ. ನಿಮ್ಮ ದೋಸ್ತ್ ಮನ್ಯಾಗ ಎಲ್ಲಿರ್ತಾರ್ರಿ? ರಿಟೈರ್ ಆಗಿ ಬಂದು ನನ್ನ ಕೂಡ ಕೂಡ್ತಾರಂತ ಮಾಡಿದ್ದೆ. ಚೌಕದಾಗ ನಿಂತು ಯಾರ ಎಲ್ಲಿ ಹೊಂಟಾರಂತ ಕೇಳಾಕತ್ತಾರ. ಮಂದಿ ಇವ್ರಿಗಿ ಸಿಐಡಿ ಅಂತಾರ!"

ಕಮಲಾಪುರ ಈಗ ಬೆಳೆಯುತ್ತಿರುವ ಊರು. ಸಾಹೇಬರು ಅಲ್ಲಿಯ ಓಣಿಗಳನ್ನೇ ಮೊದಲಿನಿಂದ ನೋಡತೊಡಗಿದ್ದಾರೆ. ನನ್ನನ್ನು ಕಂಡೊಡನೆ ಕೈಹಿಡಿದು, ಕುಶಲ ಕೇಳುವುದಕ್ಕೂ ಮೊದಲು, "ಸ್ವಾಮಿ, ಕೋಟನೂರ ಬಸ್ಸ ಓಡಾಕತ್ತದೇನ್ರಿ?" ಎಂದರು. ಅದಕ್ಕೆ ಉತ್ತರ ಹೇಳಬೇಕೆಂದೇ ನಾನು ಹಿಂದಿನ ದಿನ ಆ ಬಸ್ಸಿನಲ್ಲಿ ಹೋಗಿಬಂದಿದ್ದೆ. ಓಡಾಕತ್ತದ್ರಿ, ನಿಲ್ಲಾಕ ಜಾಗ ಇದ್ದಿಲ್ಲ ಎಂದೆ. ಅದನ್ನು ಉಳಿಸಿದವರು ಯಾರೆಂದು ಅದರೊಳಗಿನ ಯಾರಿಗೂ ಗೊತ್ತಿಲ್ಲವೆಂಬುದನ್ನೂ ಹೇಳಿದೆ. ಅವರ ಮುಖ ಅರಳಿದ ಪರಿಯನ್ನು ಬಣ್ಣಿಸಲು ನನ್ನ ಅಲಂಕಾರಗಳು ಸಾಲವು.

ನಮ್ಮ ಹಿರಿಯರು ಹರಸುವಾಗ ಆಯುಷ್ಯವನ್ನು ಶರತ್ಕಾಲಗಳಲ್ಲಿ ಎಣಿಸುತ್ತಿದ್ದರು. ನೂರು ಶರದೃತುಗಳನ್ನು ಬಾಳು ಎನ್ನುತ್ತಿದ್ದರು. ಒಂದೇ ಋತುವನ್ನು ಕಂಡು ಬರೆದುದನ್ನು ನಂಬದ ಈ ಮಹನೀಯರಿಗೆ ಆ ಹರಕೆ ಸಾಲದು. ವಸಂತ, ಗ್ರೀಷ್ಮ, ವರ್ಷ, ಶರತ್, ಹೇಮಂತ, ಶಿಶಿರಗಳೆಲ್ಲವೂ ಕಮಲಾಪುರದ ಚೌಕದಲ್ಲಿ ಅವರೆದುರು ಮತ್ತೆ ಮತ್ತೆ ಹಾದುಹೋಗಲಿ, ಪ್ರತಿಯೊಂದರಲ್ಲೂ ಅವರು ಹೊರಟವರನ್ನೂ ಕಾದವರನ್ನೂ ಕಣ್ಣಾರೆ ಕಂಡು ಬರೆಯಲಿ ಎಂದು ಶಿವನಲ್ಲಿಯೂ, ಅವರು ನಂಬಿದ ಅಲ್ಲಾಹನಲ್ಲಿಯೂ ಬೇಡಿಕೊಳ್ಳುತ್ತೇನೆ. ಗ್ರಂಥ ಮುಗಿಯಲೇಬೇಕೆಂಬ ಅವಸರ ನನಗಿಲ್ಲ. ಅದು ಮುಗಿಯದಿರುವಷ್ಟು ಕಾಲವೂ ಅವರು ನಮ್ಮೊಡನೆ ಇರಲಿ.